ಮಳೆಗಾಲದ ಕೋಳಿಗೂಡು: ಕಾಲಡಿಯ ಹಾಸು ಒಣಗಿರಲಿ

ಮಲೆನಾಡು, ಕರಾವಳಿ, ಕೊಡಗಿನಲ್ಲಿ ಮನೆಬಳಕೆಗೆ ಹತ್ತಿಪ್ಪತ್ತು ಕೋಳಿ ಸಾಕುವವರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಆರಿದ್ರಾ ಮಳೆ ಹಿಡಿದ ಮೇಲೆ. ಬೇಸಿಗೆಯುದ್ದಕ್ಕೂ ಚುರುಕಾಗಿ ತೋಟ ಕೆದಕುತ್ತಿದ್ದ ಕೋಳಿಗಳು ಪುಕ್ಕ ಕೆದರಿಕೊಂಡು ಮೂಲೆ ಹಿಡಿಯುತ್ತವೆ. ಮೊಟ್ಟೆ ಕಡಿಮೆಯಾಗುತ್ತದೆ, ಸಿಕ್ಕಿದ ಮೊಟ್ಟೆಗೂ ಕೊಳೆ ಮೆತ್ತಿರುತ್ತದೆ. ಮರಿಗಳಂತೂ ಒಂದೊಂದಾಗಿ ಕಣ್ಮುಚ್ಚುತ್ತವೆ. ‘ಮಳೆಗಾಲಕ್ಕೆ ಕೋಳಿ ಉಳಿಯೋದಿಲ್ಲ’ ಎಂದು ಕೈಚೆಲ್ಲಿ, ಇದ್ದುದನ್ನೆಲ್ಲ ಮೇ ತಿಂಗಳಲ್ಲೇ ಮಾರಿಬಿಡುವವರೂ ಇದ್ದಾರೆ.

ಆದರೆ ಮಳೆಯಲ್ಲಿ ನೆನೆದದ್ದೊಂದೇ ಕಾರಣಕ್ಕೆ ಸಾಯುವ ಕೋಳಿಗಳು ಕಡಿಮೆ. ಹೆಚ್ಚಿನ ತೊಂದರೆ ಶುರುವಾಗುವುದು ಗೂಡಿನೊಳಗೆ, ಅವುಗಳ ಕಾಲಡಿಯಲ್ಲಿ. ನೆಲಕ್ಕೆ ಹರಡುವ ಹೊಟ್ಟು, ದರಗು, ಮರದ ಪುಡಿಯನ್ನು ಫಾರಂನವರು ಲಿಟರ್ ಎನ್ನುತ್ತಾರೆ, ಇಲ್ಲಿ ಹಾಸು ಎನ್ನೋಣ. ಈ ಹಾಸು ಒಣಗಿದ್ದರೆ ಅರ್ಧ ಕಾಯಿಲೆ ಹತ್ತಿರ ಸುಳಿಯುವುದಿಲ್ಲ. ಆದರೆ ಜುಲೈಯಲ್ಲಿ ಹಾಸು ಒದ್ದೆಯಾದ ಮೇಲೆ ಅದನ್ನು ಒಣಗಿಸಲು ಬಿಸಿಲೂ ಇಲ್ಲ, ಒಣಗಾಳಿಯೂ ಇಲ್ಲ. ಹಾಗಾಗಿ ಮಳೆಗಾಲದ ಹಾಸಿನ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಬೇಕು. ಸೌದೆಯನ್ನೂ ಹುಲ್ಲನ್ನೂ ಮಳೆಗೆ ಮೊದಲೇ ಒಳಗೆ ಸೇರಿಸುವ ನಮ್ಮ ಸೀಮೆಯವರಿಗೆ ಇದು ಹೊಸ ಪಾಠವಲ್ಲ. ಅದೇ ಜಾಗ್ರತೆಯನ್ನು ಕೋಳಿಗೂಡಿಗೂ ತೋರಿಸಬೇಕು, ಅಷ್ಟೆ.

ಒದ್ದೆ ಹಾಸಿನೊಳಗೆ ನಡೆಯುವುದೇನು?

ಕೋಳಿ ಪ್ರತ್ಯೇಕವಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಭಾಗವೇ ಯೂರಿಕ್ ಆಮ್ಲ. ಹಾಸು ಒಣಗಿದ್ದರೆ ಅದು ಹಾಗೇ ಪುಡಿಯಾಗಿ ಉಳಿಯುತ್ತದೆ. ತೇವ ಸಿಕ್ಕರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಅನಿಲವಾಗಿಸುತ್ತವೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಇದೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ ಅಮೋನಿಯಾ ಸೇರಿದರೂ ಕೋಳಿಗೆ ಹಾನಿ. ಕಣ್ಣು ಉರಿದು ನೀರು ಸುರಿಯುತ್ತದೆ, ಶ್ವಾಸನಾಳದ ಒಳಪದರ ಕೆಡುತ್ತದೆ, ಅಲ್ಲಿಂದ ಉಸಿರಾಟದ ರೋಗಗಳಿಗೆ ದಾರಿ ಸಲೀಸು.

ಎರಡನೆಯ ಶತ್ರು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಇದನ್ನು ತರುವ ಐಮೀರಿಯಾ ಎಂಬ ಪರೋಪಜೀವಿಯ ಮೊಟ್ಟೆಯಂಥ ಕೋಶಗಳು ಹಿಕ್ಕೆಯೊಡನೆ ಹೊರಬೀಳುತ್ತವೆ. ಬಿದ್ದ ಕೂಡಲೇ ಅವು ರೋಗ ಹರಡಲಾರವು. ತೇವ, ಹದವಾದ ಬಿಸಿ, ಗಾಳಿ ಮೂರೂ ಸಿಕ್ಕರೆ ಒಂದೆರಡು ದಿನಗಳಲ್ಲಿ ಬಲಿತು ರೋಗ ತರುವಂತಾಗುತ್ತವೆ. ನಮ್ಮ ಮಳೆಗಾಲದ ಗೂಡಿನಲ್ಲಿ ಮೂರಕ್ಕೂ ಕೊರತೆಯಿಲ್ಲ. ಹಾಸು ಕೆದಕುವ ಮರಿಗಳು ಅದನ್ನೇ ಕುಕ್ಕಿ ತಿನ್ನುತ್ತವೆ.

ಮೂರನೆಯದು ಬೂಷ್ಟು. ಮುಗ್ಗಿದ ಹಾಸಿನಿಂದ ಏಳುವ ಶಿಲೀಂಧ್ರದ ಕಣಗಳು ಮರಿಗಳ ಪುಪ್ಪುಸ ಸೇರಿ ಆಸ್ಪರ್ಜಿಲೋಸಿಸ್ ತರುತ್ತವೆ. ಬಾಯಿ ತೆರೆದು ಏದುಸಿರು ಬಿಡುವ ಮರಿಗಳಿಗೆ ಆಮೇಲೆ ಔಷಧಿ ಕೊಟ್ಟು ಉಳಿಸಿಕೊಳ್ಳುವುದು ಕಷ್ಟ. ನಾಲ್ಕನೆಯದು ಪಾದದ ಹುಣ್ಣು. ಸದಾ ಒದ್ದೆಯಲ್ಲಿ ನಿಂತ ಪಾದದ ಚರ್ಮ ಮೆದುವಾಗಿ ಬಿರಿಯುತ್ತದೆ, ಸೋಂಕು ಒಳಹೊಕ್ಕು ಅಂಗಾಲು ಗಂಟು ಕಟ್ಟುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾದಂಥ ತಳಿಗಳು ನಾಟಿ ಕೋಳಿಗಿಂತ ತೂಕದವು. ಅವುಗಳ ಭಾರಕ್ಕೆ ಹಾಸು ಬೇಗ ಅದುಮಿ ಗಟ್ಟಿಯಾಗುತ್ತದೆ, ಪಾದದ ತೊಂದರೆಯೂ ಹೆಚ್ಚು.

ಮೊದಲು ನೀರನ್ನು ಹೊರಗಿಡಿ

ಎಷ್ಟು ಒಳ್ಳೆಯ ಹೊಟ್ಟು ಹಾಕಿದರೂ ನೀರು ಒಳಬರುತ್ತಿದ್ದರೆ ಶ್ರಮವೆಲ್ಲ ವ್ಯರ್ಥ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆಗುಂಬೆ, ಹುಲಿಕಲ್‌ಗಳಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸಿನ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಒಂದೇ ದಿನ 100 ಮಿ.ಮೀ. ಬಂದರೆ 10 ಚದರ ಮೀಟರಿನ ಪುಟ್ಟ ಗೂಡಿನ ಮಾಡಿನಿಂದ 1000 ಲೀಟರ್ ನೀರು ಗೋಡೆಯ ಬುಡಕ್ಕೆ ಇಳಿಯುತ್ತದೆ. ಆ ನೀರು ಎತ್ತ ಹೋಗಬೇಕೆಂದು ನೀವು ತೀರ್ಮಾನಿಸದಿದ್ದರೆ ಅದು ಗೂಡಿನೊಳಗೇ ದಾರಿ ಹುಡುಕುತ್ತದೆ.

ಆದ್ದರಿಂದ ಗೂಡಿನ ನೆಲ ಸುತ್ತಲಿನ ನೆಲಕ್ಕಿಂತ ಕನಿಷ್ಠ ಒಂದಡಿ ಎತ್ತರವಿರಲಿ. ಜಂಬಿಟ್ಟಿಗೆ ಕಲ್ಲಿನ ಪಂಚಾಂಗ ಕಟ್ಟಿ, ಒಳಗೆ ಜಲ್ಲಿ ತುಂಬಿ, ಮೇಲೆ ಗಟ್ಟಿ ನೆಲ ಮಾಡಿಕೊಂಡರೆ ಕೆಳಗಿನಿಂದ ಒರತೆ ಏರುವುದಿಲ್ಲ. ಗುಡ್ಡದ ಬದಿಯಲ್ಲಿದ್ದರೆ ಮೇಲ್ಬದಿಗೆ ಒಂದು ಬಸಿಗಾಲುವೆ ಬೇಕೇ ಬೇಕು. ಅಡಿಕೆ ತೋಟಕ್ಕೆ ಕಾಲುವೆ ತೋಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಾಡಿನ ಅಂಚು ಗೋಡೆಯಿಂದ ಮೂರಡಿ ಮುಂದೆ ಚಾಚಿರಲಿ, ಅಂಚಿಗೆ ಸೀಳಿದ ಪಿವಿಸಿ ಪೈಪು ಕಟ್ಟಿ ನೀರನ್ನು ದೂರ ಸಾಗಿಸಿ.

ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಎರಚಲು ಹೊಡೆಯುವುದು ಹೆಚ್ಚಾಗಿ ಪಡುವಣ, ತೆಂಕಣ ಬದಿಗೆ. ಆ ಎರಡು ಬದಿಗೆ ತಟ್ಟಿ ಕಟ್ಟಿ. ತೆಂಗಿನ ಮಡಲು, ಅಡಿಕೆ ಸೋಗೆ, ಟಾರ್ಪಾಲಿನ್ ಯಾವುದಾದರೂ ಸರಿ. ನೆಲದಿಂದ ಒಂದೂವರೆ ಅಡಿ ಎತ್ತರದ ಗಿಡ್ಡಗೋಡೆ ಸುತ್ತಲೂ ಇದ್ದರೆ ನೆಲದಿಂದ ಸಿಡಿಯುವ ನೀರೂ ನಿಲ್ಲುತ್ತದೆ.

ಒಳಗಿನಿಂದಲೇ ಬರುವ ನೀರು

ಮಾಡು ಸೋರದಿದ್ದರೂ ಹಾಸು ಒದ್ದೆಯಾಗುತ್ತದೆ. ಬೆಳೆದ ಕೋಳಿಯೊಂದು ದಿನಕ್ಕೆ ಸುಮಾರು 100ರಿಂದ 150 ಗ್ರಾಂ ಹಿಕ್ಕೆ ಹಾಕುತ್ತದೆ, ಅದರ ಮುಕ್ಕಾಲು ಪಾಲು ನೀರೇ. ಹತ್ತು ಕೋಳಿಯಿದ್ದರೆ ಹಿಕ್ಕೆಯಿಂದಲೇ ದಿನಕ್ಕೆ ಒಂದು ಲೀಟರಿನಷ್ಟು ನೀರು ಹಾಸಿಗೆ ಸೇರಿದಂತಾಯಿತು. ಬೇಸಿಗೆಯಲ್ಲಿ ಅದು ತಾನಾಗಿ ಆರುತ್ತದೆ, ಜುಲೈಯಲ್ಲಿ ಆರುವುದಿಲ್ಲ.

ಇದಕ್ಕೆ ಸುಲಭದ ಉಪಾಯವೊಂದಿದೆ. ಕೋಳಿಗಳು ರಾತ್ರಿ ಗಳದ ಮೇಲೆ ಸಾಲಾಗಿ ಕೂರುವುದರಿಂದ ದಿನದ ಹಿಕ್ಕೆಯಲ್ಲಿ ದೊಡ್ಡ ಪಾಲು ಅದರ ಕೆಳಗೇ ಬೀಳುತ್ತದೆ. ಗಳದ ಕೆಳಗೆ ಒಂದು ಹಲಗೆಯನ್ನೋ ತಗಡನ್ನೋ ಇಟ್ಟು, ಮೇಲೆ ತೆಳುವಾಗಿ ಉಮಿ ಉದುರಿಸಿ, ಪ್ರತಿದಿನ ಬೆಳಿಗ್ಗೆ ಕೆರೆದು ತೆಗೆಯಿರಿ. ಐದು ನಿಮಿಷದ ಕೆಲಸ. ಹಾಸಿಗೆ ಸೇರುವ ನೀರು ಇದರಿಂದ ಬಹಳ ಕಡಿಮೆಯಾಗುತ್ತದೆ. ರಕ್ತಭೇದಿಯ ಕೋಶಗಳು ಬಲಿಯುವ ಮೊದಲೇ ಗೂಡಿನಿಂದ ಹೊರಹೋಗುತ್ತವೆ ಎಂಬುದು ಇನ್ನೂ ದೊಡ್ಡ ಲಾಭ. ಅಡಿಕೆ ದಬ್ಬೆ ಅಥವಾ ಬಿದಿರಿನಿಂದ ಅಟ್ಟದಂತೆ ಎತ್ತರಿಸಿದ ಗೂಡು ನಿಮ್ಮದಾದರೆ ದಬ್ಬೆಯ ಸಂದಿನಿಂದ ಹಿಕ್ಕೆ ಕೆಳಗೆ ಬೀಳುತ್ತದೆ. ಆಗ ಕೆಳಗಿನ ನೆಲಕ್ಕೆ ಉಮಿ ಹರಡಿ ಆಗಾಗ ಗುಡಿಸಿದರಾಯಿತು.

ನೀರಿನ ಪಾತ್ರೆಯ ಸುತ್ತಲಿನ ಜಾಗ ಮೊದಲು ಕೆಡುತ್ತದೆ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ತೂಗುಹಾಕಿ, ಇಲ್ಲವೇ ಇಟ್ಟಿಗೆಯ ಮೇಲಿಡಿ. ಕೆಳಗೆ ಜಾಲರಿ ಹೊದಿಸಿದ ಚೌಕಟ್ಟು ಇಟ್ಟರೆ ಚೆಲ್ಲಿದ ನೀರು ಹಾಸಿಗೆ ಸೇರುವುದಿಲ್ಲ. ಪಾತ್ರೆಯ ಬದಲು ನೀರು ಕುಡಿಯುವ ನಿಪ್ಪಲ್ ಹಾಕಿಸಿದರೆ ಇನ್ನೂ ಒಳ್ಳೆಯದು. ಆಹಾರದ ಕಡೆಗೂ ಗಮನವಿರಲಿ. ಕರಾವಳಿಯಲ್ಲಿ ಉಪ್ಪುಹಾಕಿದ ಒಣಮೀನಿನ ಚೂರು ಕೋಳಿಗೆ ಹಾಕುವ ರೂಢಿಯಿದೆ. ಉಪ್ಪು ಹೆಚ್ಚಾದರೆ ಕೋಳಿ ನೀರು ಹೆಚ್ಚು ಕುಡಿದು ತೆಳ್ಳಗೆ ಹಿಕ್ಕುತ್ತದೆ. ಹಾಸು ವಿನಾಕಾರಣ ಒದ್ದೆಯಾಗುತ್ತಿದ್ದರೆ ಇದನ್ನೂ ಪರೀಕ್ಷಿಸಿ.

ಗಾಳಿ ಕಟ್ಟಬೇಡಿ

ಚಳಿಗೆ ಹೆದರಿ ಗೂಡಿಗೆ ಸುತ್ತಲೂ ಟಾರ್ಪಾಲಿನ್ ಬಿಗಿಯುವುದನ್ನು ಎಲ್ಲೆಡೆ ಕಾಣುತ್ತೇವೆ. ಕೋಳಿಯ ಮೇಲಿನ ಕಾಳಜಿಯಿಂದ ಮಾಡುವ ಈ ಕೆಲಸವೇ ಕೋಳಿಗೆ ಮುಳುವಾಗುತ್ತದೆ. ಉಸಿರಿನ ತೇವ, ಹಿಕ್ಕೆಯ ತೇವ, ಅಮೋನಿಯಾ ಎಲ್ಲವೂ ಒಳಗೇ ಸಿಕ್ಕಿಬೀಳುತ್ತವೆ, ತಗಡಿನ ಒಳಮೈ ಬೆವತು ಹನಿ ಮತ್ತೆ ಹಾಸಿನ ಮೇಲೇ ತೊಟ್ಟಿಕ್ಕುತ್ತದೆ. ಮೈತುಂಬ ಒಣ ಪುಕ್ಕವಿರುವ ದೊಡ್ಡ ಕೋಳಿಗೆ ನಮ್ಮ ಮಳೆಗಾಲದ ಚಳಿ ದೊಡ್ಡದಲ್ಲ. ಎರಚಲು ಬರುವ ಬದಿಗೆ ಮಾತ್ರ ಮರೆ ಮಾಡಿ. ಮಾಡಿನ ಕೆಳಗೆ, ಕೋಳಿ ಕೂರುವ ಗಳಕ್ಕಿಂತ ಮೇಲೆ, ಸುತ್ತಲೂ ಒಂದಡಿ ಜಾಗ ಜಾಲರಿಯಷ್ಟೇ ಇರಲಿ. ಬೆಚ್ಚಗಿನ ತೇವದ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ, ಕೂತ ಕೋಳಿಗೆ ನೇರ ಗಾಳಿಯೂ ಬಡಿಯುವುದಿಲ್ಲ.

ಯಾವ ಹಾಸು ಒಳ್ಳೆಯದು?

ಮಾಡಿನ ಕೆಳಗಿನ ಗೂಡಿಗೆ ಭತ್ತದ ಹೊಟ್ಟು, ಅಂದರೆ ಉಮಿ, ಎಲ್ಲಕ್ಕಿಂತ ನಂಬಿಕಸ್ಥ. ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ, ಗಂಟು ಕಟ್ಟುವುದಿಲ್ಲ, ಕೆದಕಿದರೆ ಹಗುರಾಗಿ ಸಡಿಲವಾಗುತ್ತದೆ. ಆದರೆ ನೀರನ್ನು ಹೆಚ್ಚು ಹೀರುವ ಗುಣ ಅದಕ್ಕಿಲ್ಲ. ಬಡಗಿ ಮರ ನಯಮಾಡುವಾಗ ಉದುರುವ ಸುರುಳಿ ಚಕ್ಕೆ ಚೆನ್ನಾಗಿ ಹೀರುತ್ತದೆ. ಇವೆರಡನ್ನೂ ಸಮಪಾಲು ಬೆರೆಸಿದರೆ ಮಳೆಗಾಲಕ್ಕೆ ಒಳ್ಳೆಯ ಜೋಡಿ. ಗರಗಸದ ನಯವಾದ ಪುಡಿ ಒದ್ದೆಯಾದರೆ ಮುದ್ದೆಯಾಗುತ್ತದೆ, ಹಸಿಮರದ್ದಾದರೆ ಬೂಷ್ಟು ಹಿಡಿಯುತ್ತದೆ. ಚಿಕ್ಕ ಮರಿಗಳು ಅದನ್ನು ಆಹಾರವೆಂದು ನುಂಗುವುದೂ ಉಂಟು. ಪ್ಲೈವುಡ್ ಅಥವಾ ಗೆದ್ದಲಿನ ಔಷಧ ಬಳಿದ ಮರದ ಪುಡಿಯನ್ನು ಎಂದಿಗೂ ಹಾಕಬೇಡಿ.

ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಆದರೆ ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ನೀರಿನ ಪಾತ್ರೆಯ ಸುತ್ತ ಹಾಕಿ, ತೊಯ್ದ ಕೂಡಲೇ ತೆಗೆಯುವುದಕ್ಕೆ ಅದು ಸರಿ, ಗೂಡಿಗೆಲ್ಲ ಹರಡಲು ಅಲ್ಲ. ಕಾಫಿ ಸೀಮೆಯಲ್ಲಿ ಕಾಫಿ ಹೊಟ್ಟು ಸುಲಭವಾಗಿ ಸಿಗುತ್ತದೆ. ಗರಿಗರಿಯಾಗಿ ಒಣಗಿದ್ದರೆ ಮಾತ್ರ ಬಳಸಿ, ತೇವ ತಾಗಿದರೆ ಬೇಗ ಮುಗ್ಗುತ್ತದೆ. ಭತ್ತದ ಹುಲ್ಲನ್ನು ಉದ್ದುದ್ದ ಹಾಕಿದರೆ ಚಾಪೆಯಂತೆ ಹೆಣೆದುಕೊಂಡು ಅಡಿಯಲ್ಲಿ ಕೊಳೆಯುತ್ತದೆ. ಎರಡಂಗುಲಕ್ಕೆ ಕತ್ತರಿಸಿ, ಬೇರೆ ಹಾಸಿನೊಡನೆ ಬೆರೆಸಿ.

ಕಾಸು ಖರ್ಚಿಲ್ಲದ ಹಾಸೆಂದರೆ ದರಗು. ಸೊಪ್ಪಿನಬೆಟ್ಟ, ಕುಮ್ಕಿ, ಬಾಣೆಗಳಿಂದ ಒಣಸೊಪ್ಪು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ಫೆಬ್ರವರಿ, ಮಾರ್ಚ್‌ನ ಗರಿಗರಿ ದರಗನ್ನು ಕೋಳಿಗೂಡಿಗೂ ಬಳಸಬಹುದು. ಕೋಳಿಗಳು ಅದನ್ನು ಕೆದಕಿ ತಾವೇ ಪುಡಿ ಮಾಡುತ್ತವೆ. ಹಸಿ ಸೊಪ್ಪು ಮಾತ್ರ ಬೇಡ. ದನದ ಕೊಟ್ಟಿಗೆಗೆ ಮಳೆಗಾಲದಲ್ಲಿ ಹಸಿಸೊಪ್ಪು ಹಾಸುವುದು ರೂಢಿಯಾದರೂ ಕೋಳಿಗೂಡಿಗೆ ಅದು ನೀರನ್ನೇ ತಂದು ಸುರಿದಂತೆ.

ದಾಸ್ತಾನಿನ ಲೆಕ್ಕ

ಹತ್ತು ಕೋಳಿಗೆ 40 ಚದರಡಿ ಜಾಗವಿರಲಿ. ರಾತ್ರಿ ತಂಗಲು ಇಷ್ಟು ಬೇಡ, ಆದರೆ ಬಿಡದ ಮಳೆಯಲ್ಲಿ ಅವು ಹಗಲಿಡೀ ಒಳಗೇ ಇರಬೇಕಾಗುತ್ತದೆ. ಜಾಗ ಇಕ್ಕಟ್ಟಾದಷ್ಟೂ ಹಾಸು ಬೇಗ ಕೆಡುತ್ತದೆ. ಜೂನ್ ಮೊದಲ ವಾರದಲ್ಲಿ 4 ಅಂಗುಲ ದಪ್ಪ ಹಾಸಲು ಸುಮಾರು 13 ಘನ ಅಡಿ, ಅಂದರೆ ನೂರು ಲೀಟರ್ ಹಿಡಿಯುವ ನಾಲ್ಕು ಚೀಲ ಬೇಕು. ಆಮೇಲೆ ವಾರಕ್ಕೆ ಅರ್ಧ ಚೀಲ ಸೇರಿಸುತ್ತ ಹೋದರೆ ಸೆಪ್ಟೆಂಬರ್ ಕೊನೆಯವರೆಗೆ ಇನ್ನೊಂದು ಎಂಟು ಚೀಲ. ಹಾಳಾಗುವುದನ್ನೂ ಸೇರಿಸಿ ಹದಿನೈದು ಚೀಲ ಕಟ್ಟಿಟ್ಟರೆ ಹತ್ತು ಕೋಳಿಯ ಮಳೆಗಾಲಕ್ಕೆ ಧೈರ್ಯ. ಅಕ್ಕಿ ಗಿರಣಿಯಿಂದ ತರುವುದಾದರೆ ಏಪ್ರಿಲ್‌ನಲ್ಲೇ ತನ್ನಿ. ಎರಡು ಬಿಸಿಲು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಚೀಲ ತುಂಬಿ, ನೆಲಕ್ಕೆ ತಾಗದಂತೆ ಅಟ್ಟದಲ್ಲೋ ಹಲಗೆಯ ಮೇಲೋ ಇಡಿ. ಚೀಲದ ಸಂದಿನಲ್ಲಿ ಇಲಿ ಮನೆ ಮಾಡದಂತೆ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇಲಿಜ್ವರದ ಭಯ ಇದ್ದೇ ಇದೆ.

ದಿನದ, ವಾರದ ಕೆಲಸ

ಹಾಸಿನ ಹದ ತಿಳಿಯಲು ಯಂತ್ರ ಬೇಡ. ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಚುಕಿ, ಕೈ ಬಿಡಿಸಿ. ಉಂಡೆಯಾಗಿ ಹಾಗೇ ನಿಂತರೆ ತೇವ ಮಿತಿಮೀರಿದೆ. ತುಸು ಅಂಟಿದಂತಾಗಿ ತಕ್ಷಣ ಬಿರಿದು ಉದುರಿದರೆ ಹದ ಸರಿಯಿದೆ. ಆಗ ಅದರಲ್ಲಿ ನೂರಕ್ಕೆ 20ರಿಂದ 25ರಷ್ಟು ತೇವವಿರುತ್ತದೆ. ಧೂಳಾಗಿ ಹಾರಿದರೆ ಅತಿಯಾಗಿ ಒಣಗಿದೆ. ನಮ್ಮ ಮಳೆಗಾಲದಲ್ಲಿ ಈ ಮೂರನೆಯದಕ್ಕೆ ಹೆದರಬೇಕಿಲ್ಲ. ಮೂಗಿನ ಪರೀಕ್ಷೆಯೂ ಒಂದಿದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ಘಾಟು ತಿಳಿದರೆ ಅಂದೇ ಕೆಲಸ ಮಾಡಬೇಕು. ತಡಮಾಡಿದರೆ ಮೂಗು ವಾಸನೆಗೆ ಒಗ್ಗಿಹೋಗುತ್ತದೆ.

ಪ್ರತಿದಿನ ಗಳದ ಕೆಳಗಿನ ಹಿಕ್ಕೆ ತೆಗೆಯಿರಿ, ನೀರಿನ ಪಾತ್ರೆಯ ಸುತ್ತ ತೊಯ್ದ ಹಾಸನ್ನು ಬಾಚಿ ಹೊರಹಾಕಿ ಅಲ್ಲಿಗೆ ಒಣ ಉಮಿ ತುಂಬಿ, ಹಾಸಿನ ಮೇಲ್ಪದರವನ್ನು ಹಲ್ಲಿರುವ ಗೋರೆಯಿಂದ ಕೆದಕಿ. ಸಂಜೆ ಒಂದು ಹಿಡಿ ಕಾಳನ್ನು ಹಾಸಿನ ಮೇಲೆ ಚೆಲ್ಲಿದರೆ ಕೋಳಿಗಳೇ ಕೆದಕುವ ಕೆಲಸದ ಪಾಲು ಹಂಚಿಕೊಳ್ಳುತ್ತವೆ. ವಾರಕ್ಕೆ ಎರಡು ಸಲ ತಳದವರೆಗೆ ಮಗುಚಿ, ರೊಟ್ಟಿಯಂತೆ ಗಟ್ಟಿಕಟ್ಟಿದ ಚಕ್ಕೆಗಳನ್ನು ಎತ್ತಿ ಹೊರಹಾಕಿ. ಅವನ್ನು ಪುಡಿ ಮಾಡಿ ಮತ್ತೆ ಬೆರೆಸಬಾರದು. ಆಮೇಲೆ ಹೊಸ ಹಾಸು ಸೇರಿಸಿ. ಹೀಗೆ ಸೇರಿಸುತ್ತ ಹೋದಂತೆ ದಪ್ಪ 6 ಅಂಗುಲಕ್ಕೆ ಬರುತ್ತದೆ, ದಪ್ಪ ಹಾಸು ತೇವವನ್ನು ಹಂಚಿಕೊಂಡು ತಾಳಿಕೊಳ್ಳುತ್ತದೆ. ಮಗುಚುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ಸುಣ್ಣ ಮತ್ತು ಬೂದಿ

ವಾಸನೆ ಬಂದಾಗ ಸುಣ್ಣದ ಪುಡಿ ಎರಚುವುದು ರೂಢಿ. ಸುಣ್ಣ ತೇವ ಎಳೆಯುವುದು ನಿಜ, ಆದರೆ ಅದು ಕ್ಷಾರ. ಕ್ಷಾರ ಹೆಚ್ಚಿದ ಹಾಸಿನಿಂದ ಅಮೋನಿಯಾ ಇನ್ನೂ ರಭಸದಿಂದ ಏಳುತ್ತದೆ. ಹಾಗಾಗಿ ಒದ್ದೆ ಹಾಸನ್ನು ತೆಗೆದ ಮೇಲೆ, ಕೋಳಿಗಳನ್ನು ಹೊರಬಿಟ್ಟು, 10 ಚದರ ಮೀಟರಿಗೆ ಸುಮಾರು ಒಂದು ಕೆ.ಜಿ. ಅರಳಿದ ಸುಣ್ಣದ ಪುಡಿಯನ್ನು ನೆಲಕ್ಕೆ ಹರಡಿ, ಮೇಲೆ ಹೊಸ ಹಾಸು ಹಾಕಿ. ನೀರು ಕಾಣದ ಸುಟ್ಟ ಸುಣ್ಣವನ್ನು ಕೋಳಿಯಿರುವ ಕಡೆ ಹಾಕಲೇಬೇಡಿ, ಪಾದವೂ ಕಣ್ಣೂ ಸುಡುತ್ತವೆ. ಒಲೆಯ ಬೂದಿಯೂ ಕ್ಷಾರವೇ. ಅದನ್ನು ಹಾಸಿಗೆ ಬೆರೆಸದೆ, ಒಂದು ಮೂಲೆಯ ಪೆಟ್ಟಿಗೆಯಲ್ಲಿ ಒಣಮಣ್ಣಿನೊಡನೆ ಕಲೆಸಿಡಿ. ಮಳೆಗಾಲದಲ್ಲಿ ಧೂಳುಸ್ನಾನಕ್ಕೆ ಜಾಗವಿಲ್ಲದ ಕೋಳಿಗಳು ಅದರಲ್ಲಿ ಹೊರಳಾಡಿ ಹೇನಿನ ಕಾಟ ಕಳೆದುಕೊಳ್ಳುತ್ತವೆ.

ಬೇಲಿಯೊಳಗಿನ ಅಂಗಳ

ಹಗಲು ಓಡಾಡಲು ಬಲೆ ಕಟ್ಟಿದ ಅಂಗಳಕ್ಕೆ ಲೆಕ್ಕ ಬೇರೆ. ಅಲ್ಲಿ ಮಳೆ ಬಿದ್ದೇ ಬೀಳುತ್ತದೆ. ಹಾಸನ್ನು ಒಣಗಿಸಿಡುವ ಆಸೆ ಬಿಟ್ಟು, ನೀರು ನಿಲ್ಲದಂತೆ, ಕೆಸರಾಗದಂತೆ ನೋಡಿಕೊಳ್ಳಬೇಕು. ಉಮಿ, ಮರದ ಪುಡಿ ಇಲ್ಲಿಗೆ ಸಲ್ಲವು, ಎರಡೇ ಮಳೆಗೆ ಕೆಸರಿನೊಡನೆ ಸೇರಿಹೋಗುತ್ತವೆ. ಒರಟು ಹಾಸು ಬೇಕು. ಸುಲಿದ ಅಡಿಕೆ ಸಿಪ್ಪೆ, ಚೂರು ಮಾಡಿದ ತೆಂಗಿನ ಸಿಪ್ಪೆ, ಮರದ ತೊಗಟೆ, ಕತ್ತರಿಸಿದ ಸಣ್ಣ ಕೊಂಬೆಗಳನ್ನು ಆರಂಗುಲ ದಪ್ಪಕ್ಕೆ ಹಾಕಿ. ನೀರು ಸಂದಿನಿಂದ ಇಳಿದುಹೋಗುತ್ತದೆ, ಕೋಳಿಯ ಕಾಲು ಮೇಲೆಯೇ ಉಳಿಯುತ್ತದೆ. ಹಾಸುವ ಮೊದಲು ನೆಲಕ್ಕೆ ಒಂದು ಬದಿಗೆ ಇಳಿಜಾರು ಕೊಟ್ಟು, ಕೆಳಬದಿಯಲ್ಲಿ ಕಾಲುವೆ ತೆಗೆಯಿರಿ. ಅಂಗಳದ ಅರ್ಧಕ್ಕಾದರೂ ಸೋಗೆಯ ಅಥವಾ ಶೀಟಿನ ಚಪ್ಪರವಿದ್ದರೆ ಕೋಳಿಗಳು ಹಗಲಿಡೀ ಗೂಡಿನೊಳಗೆ ಕೂರುವುದಿಲ್ಲ, ಗೂಡಿನ ಹಾಸಿನ ಮೇಲಿನ ಹೊರೆಯೂ ಇಳಿಯುತ್ತದೆ. ಬಾಗಿಲ ಮುಂದೆ ಎರಡಡಿ ಜಲ್ಲಿ ಅಥವಾ ದಬ್ಬೆಯ ಮೆಟ್ಟಿಲು ಇರಲಿ, ಕಾಲಿನ ಕೆಸರು ಅಲ್ಲೇ ಉದುರುತ್ತದೆ. ಜಾಗವಿದ್ದರೆ ಅಂಗಳವನ್ನು ಎರಡು ಭಾಗ ಮಾಡಿ ಸರದಿಯಲ್ಲಿ ಬಿಡಿ.

ಮರಿಗಳಿಗೆ ವಿಶೇಷ ಎಚ್ಚರ

ಮೂರರಿಂದ ಎಂಟು ವಾರದ ಮರಿಗಳಿಗೆ ರಕ್ತಭೇದಿಯ ಅಪಾಯ ಹೆಚ್ಚು. ಸಾಧ್ಯವಿದ್ದರೆ ಕಾವಿಗೆ ಕೂರಿಸುವ ದಿನವನ್ನು ಲೆಕ್ಕಹಾಕಿ, ಈ ವಯಸ್ಸು ಪುನರ್ವಸು, ಪುಷ್ಯ ಮಳೆಗೆ ಸಿಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಮರಿಗಳಿದ್ದರೆ ದೊಡ್ಡ ಕೋಳಿಗಳಿಂದ ಬೇರ್ಪಡಿಸಿ, ಹೊಸ ಉಮಿಯ ಮೇಲೆಯೇ ಇಡಿ. ಹಿಕ್ಕೆಯಲ್ಲಿ ರಕ್ತ, ಇಳಿಬಿಟ್ಟ ರೆಕ್ಕೆ, ಕೆದರಿದ ಪುಕ್ಕ ಕಂಡರೆ ಒಂದು ದಿನವೂ ಕಾಯದೆ ಪಶುವೈದ್ಯರನ್ನು ಕಾಣಿ. ಆಂಪ್ರೋಲಿಯಂನಂಥ ಔಷಧಿಯನ್ನು ಅವರು ಹೇಳಿದ ಪ್ರಮಾಣದಲ್ಲೇ ನೀರಿಗೆ ಬೆರೆಸಿ ಕೊಡಬೇಕು. ಅದೇ ದಿನ ಹಾಸನ್ನು ಪೂರ್ತಿ ಬದಲಿಸದಿದ್ದರೆ ಔಷಧಿಯ ಫಲ ನಿಲ್ಲುವುದಿಲ್ಲ.

ತೆಗೆದ ಹಾಸು ತೋಟದ ಸೊತ್ತು

ಹೊರಹಾಕಿದ ಹಾಸು ಸಾರಜನಕ ತುಂಬಿದ ಗೊಬ್ಬರ. ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ದರಗಿನೊಡನೆ ಪದರ ಪದರವಾಗಿ ಒಟ್ಟಿ, ಮೇಲೆ ಸೋಗೆ ಅಥವಾ ಟಾರ್ಪಾಲಿನ್ ಹೊದಿಸಿ. ಹೊದಿಕೆಯಿಲ್ಲದಿದ್ದರೆ ಮಳೆ ಅದರ ಸಾರವನ್ನೆಲ್ಲ ತೊಳೆದು ಹಳ್ಳಕ್ಕೊಯ್ಯುತ್ತದೆ. ರಾಶಿ ಗೂಡಿನಿಂದ, ಬಾವಿಯಿಂದ ದೂರವಿರಲಿ. ಎರಡು ಮೂರು ತಿಂಗಳು ಚೆನ್ನಾಗಿ ಕಳಿತ ಮೇಲೆ, ಮಳೆ ಇಳಿದಾಗ ಅಡಿಕೆಗೂ ತೆಂಗಿಗೂ ಹಾಕಬಹುದು.

ಇಡೀ ವರ್ಷದ ಕೆಲಸವನ್ನು ಹೀಗೆ ಹೊಂದಿಸಿಕೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ದರಗು. ಏಪ್ರಿಲ್‌ನಲ್ಲಿ ಉಮಿ, ಮರದ ಚಕ್ಕೆ. ಮೇ ತಿಂಗಳಲ್ಲಿ ಮಾಡಿನ ರಿಪೇರಿ, ಕಾಲುವೆ, ತಟ್ಟಿ. ರೋಹಿಣಿ ಮಳೆಯೊಳಗೆ ಹಳೆಯ ಹಾಸು ಪೂರ್ತಿ ತೆಗೆದು, ನೆಲ ಒಣಗಿಸಿ, ಹೊಸದು ಹಾಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಒಂದೆರಡು ಗಂಟೆ. ಕೋಳಿ ನಿಲ್ಲುವುದು, ಕೆದಕುವುದು, ಕುಕ್ಕಿ ತಿನ್ನುವುದು ಎಲ್ಲವೂ ಇದೇ ಹಾಸಿನ ಮೇಲೆ, ಕೆಟ್ಟರೆ ಬೇರೆಡೆ ಹೋಗುವ ಆಯ್ಕೆ ಅದಕ್ಕಿಲ್ಲ. ಈ ಮಳೆಗಾಲದಲ್ಲಿ ಕೋಳಿ ಮಂಕಾದದ್ದು ಕಂಡರೆ ವೈದ್ಯರಿಗೆ ಹೇಳಿಕಳಿಸಿ, ಅವರು ಬರುವುದರೊಳಗೆ ಹಾಸಿನೊಳಗೆ ಕೈ ಹಾಕಿ ಒಂದು ಹಿಡಿ ಹಿಚುಕಿ ನೋಡಿ.